ಸಂತೆಯ ತರಕಾರಿಯಿಂದ ಕೈತೋಟ

ಅಡುಗೆಗೆಂದು ಕೊಂಡು ತಂದ ಕಾಳು, ಗೆಡ್ಡೆ, ಹಣ್ಣು, ಸೊಪ್ಪುಗಳಲ್ಲಿ ಒಂದು ಪಾಲನ್ನು ಮಣ್ಣಿಗೆ ಹಾಕಿ ಬೆಳೆಸುವ ರೂಢಿ ಕರ್ನಾಟಕದ ಹಿತ್ತಿಲುಗಳಲ್ಲಿ ಬಹಳ ಹಳೆಯದು. ಬೀಜದ ಪೊಟ್ಟಣ ಮಾರುವ ಅಂಗಡಿಗಳು ಬರುವ ಮೊದಲು ಬಹುಪಾಲು ಮನೆಗಳ ಕೈತೋಟ ನಡೆದದ್ದು ಹೀಗೆಯೇ. ಬಚ್ಚಲ ನೀರು ಹರಿದು ಹೋಗುವ ಕಡೆ ಕೆಸು ಮತ್ತು ಬಸಳೆ, ತಿಪ್ಪೆಯ ಅಂಚಿನಲ್ಲಿ ತಾನಾಗಿ ಹುಟ್ಟಿದ ಕುಂಬಳದ ಬಳ್ಳಿ, ಬೇಲಿಗೆ ನೆಟ್ಟ ನುಗ್ಗೆಯ ಕೊಂಬೆ, ಯಾವುದಕ್ಕೂ ಬೇರೆ ಖರ್ಚಿರಲಿಲ್ಲ. ಗಿಡಮರಗಳ ಆರೈಕೆಯನ್ನು ಮನೆಯ ಅಗತ್ಯದ ವಿದ್ಯೆಗಳಲ್ಲಿ ಒಂದೆಂದು ಎಣಿಸುವ ಪರಿಪಾಠವೂ ಕನ್ನಡದಲ್ಲಿ ಹಿಂದಿನಿಂದ ಇದೆ. ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ ಅಡುಗೆ, ವೈದ್ಯ, ಜ್ಯೋತಿಷಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಜಾಗ ಕೊಟ್ಟಿದೆ. ನಗರಗಳಲ್ಲಿ ಹಿತ್ತಿಲು ಕಿರಿದಾಗಿ ತಾರಸಿಯಷ್ಟೇ ಉಳಿದ ಮೇಲೆ ಇದೇ ರೂಢಿ ಕುಂಡಕ್ಕೆ, ಒಡೆದ ಬಕೆಟ್ಟಿಗೆ, ಅಕ್ಕಿ ಚೀಲಕ್ಕೆ ಸ್ಥಳಾಂತರಗೊಂಡಿತು.

ಸಂತೆಯ ಮಾಲು ತಿನ್ನುವುದಕ್ಕೆಂದು ಕಿತ್ತದ್ದು, ಬಿತ್ತುವುದಕ್ಕೆಂದು ಅಲ್ಲ. ಈ ಒಂದು ಮಾತನ್ನು ಮರೆತರೆ ಅರ್ಧಕ್ಕರ್ಧ ಪ್ರಯತ್ನ ಸೋಲುತ್ತದೆ. ತಂದದ್ದು ಗಿಡದ ಯಾವ ಭಾಗ, ಅದನ್ನು ಯಾವ ಹದದಲ್ಲಿ ಕೊಯ್ದರು, ಕೊಯ್ದ ಮೇಲೆ ಅದಕ್ಕೆ ಏನೇನು ಮಾಡಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಯಾವುದು ಮೊಳೆಯುತ್ತದೆ, ಯಾವುದು ಕೊಳೆಯುತ್ತದೆ ಎಂಬುದನ್ನು ಹೆಚ್ಚುಕಡಿಮೆ ಮೊದಲೇ ಹೇಳಬಹುದು.

ಎಲ್ಲಕ್ಕಿಂತ ಸುಲಭ ದಿನಸಿ ಡಬ್ಬದ ಇಡೀ ಕಾಳುಗಳು. ಮೆಂತ್ಯ ಮೂರರಿಂದ ಐದು ದಿನದಲ್ಲಿ ಮೊಳೆತು ಇಪ್ಪತ್ತೈದು–ಮೂವತ್ತು ದಿನದಲ್ಲಿ ಪಲ್ಯಕ್ಕೆ ಬರುತ್ತದೆ. ಸಾಸಿವೆಯೂ ಅಷ್ಟೇ ಚುರುಕು. ಹೆಸರು, ಹುರುಳಿ, ಅಲಸಂದೆ, ಕಡಲೆಗಳನ್ನು ಮೊಳಕೆ ಕಟ್ಟುವ ಮನೆಯಲ್ಲಿ ಅವು ಬಿತ್ತನೆಗೂ ಆಗುತ್ತವೆಯೆಂದು ಬೇರೆ ಪರೀಕ್ಷೆ ಬೇಕಿಲ್ಲ. ಮದುವೆ, ಉತ್ಸವಗಳ ಅಂಕುರಾರ್ಪಣೆಯಲ್ಲಿ ಮೊಳೆಯಲೆಂದು ಪಾಲಿಕೆ ಎಂಬ ಪಾತ್ರೆಗೆ ಹಾಕುವ ನವಧಾನ್ಯವೂ ಬಹುಮಟ್ಟಿಗೆ ದಿನಸಿ ಅಂಗಡಿಯದೇ. ಬೇಳೆಯ ಮಾತು ಬೇರೆ. ತೊಗರಿಬೇಳೆ, ಉದ್ದಿನಬೇಳೆ ಒಡೆಯುವಾಗ ಎರಡು ದಳಗಳ ನಡುವಿನ ಭ್ರೂಣ ಕಳಚಿ ಹೋಗಿರುವುದರಿಂದ ಎಷ್ಟು ನೆನೆಸಿದರೂ ಮೊಳೆಯುವುದಿಲ್ಲ. ಅವರೆಯಲ್ಲಿ ಇನ್ನೊಂದು ತೊಡಕಿದೆ. ಹಳೆಯ ತಳಿಯ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ. ಯಾವ ತಿಂಗಳಲ್ಲಿ ಬಿತ್ತಿದರೂ ಕಾಯಿಗೆ ಚಳಿಗಾಲದವರೆಗೆ ಕಾಯಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3 ಮತ್ತು 4 ಈ ಕಟ್ಟುಪಾಡಿಲ್ಲದ ತಳಿಗಳು. ಸಂತೆಯಿಂದ ತಂದ ಕಾಳು ಯಾವ ತಳಿಯದೆಂದು ನೋಟದಿಂದ ಹೇಳಲು ಬಾರದ ಕಾರಣ ಅವರೆಯನ್ನು ಮುಂಗಾರಿನ ನಡುವೆ, ಜುಲೈ–ಆಗಸ್ಟ್ ಹೊತ್ತಿಗೆ ಬಿತ್ತುವುದು ಕ್ಷೇಮ.

ಕೊತ್ತಂಬರಿ ಬೀಜವನ್ನು ಹತ್ತಿರದಿಂದ ನೋಡಬೇಕು. ಅಂಗಡಿಯ ಡಬ್ಬದಲ್ಲಿರುವ ದುಂಡು ಕಾಳು ಒಂದು ಬೀಜವಲ್ಲ, ಒಣಗಿದ ಒಂದು ಕಾಯಿ. ಅದರೊಳಗೆ ಬೆನ್ನಿಗೆ ಬೆನ್ನು ಹಚ್ಚಿಕೊಂಡಂತೆ ಎರಡು ಬೀಜ ಇರುತ್ತವೆ. ರೈತರು ಕಾಳನ್ನು ಗೋಣಿಚೀಲದ ಮೇಲೆ ಹರಡಿ ಮರದ ತುಂಡಿನಿಂದ ಉಜ್ಜಿ ಎರಡು ಹೋಳು ಮಾಡುತ್ತಾರೆ. ಮನೆಯಲ್ಲಿ ಲಟ್ಟಣಿಗೆ ಹಗುರವಾಗಿ ಉರುಳಿಸಿದರೆ ಸಾಕು. ಜೋರಾಗಿ ಒತ್ತಿದರೆ ಬೀಜವೇ ನುಚ್ಚಾಗುತ್ತದೆ. ಹೋಳು ಮಾಡಿ ಒಂದು ರಾತ್ರಿ ನೆನೆಸಿದ ಬೀಜ ಎಂಟರಿಂದ ಹದಿನೈದು ದಿನದಲ್ಲಿ ಮೇಲೆ ಬರುತ್ತದೆ. ಹತ್ತನೇ ದಿನಕ್ಕೆ ಆಸೆ ಬಿಟ್ಟು ಮಡಿ ಕೆದಕಿದವರು ಬೆಳೆ ಕಳೆದುಕೊಳ್ಳುತ್ತಾರೆ. ಬಿಸಿಲು ಏರಿದ ಮಾರ್ಚ್–ಏಪ್ರಿಲ್‌ನಲ್ಲಿ ಕೊತ್ತಂಬರಿ ಸೊಪ್ಪು ಕೊಡದೆ ಬೇಗ ಹೂವಿಗೆ ಹೋಗುವುದು ಸಹಜ, ಅದು ಬೀಜದ ದೋಷವಲ್ಲ.

ಮಸಾಲೆ ಡಬ್ಬದ ಉಳಿದ ಸಾಮಾನಿನಲ್ಲಿ ಹೆಚ್ಚಿನವು ಮೊಳೆಯುವುದಿಲ್ಲ. ಕಾಳುಮೆಣಸು ಬಲಿಯುವ ಮೊದಲೇ ಕೊಯ್ದು ಒಣಗಿಸಿದ್ದು, ಏಲಕ್ಕಿ ಗೂಡಿನ ಶಾಖದಲ್ಲಿ ಒಣಗಿದ್ದು. ಅರಿಶಿನದ ಒಣ ಕೊಂಬನ್ನು ಬೇಯಿಸಿ ಪಾಲಿಶ್ ಮಾಡಿರುತ್ತಾರೆ. ಅರಿಶಿನ ಬೆಳೆಸಬೇಕೆಂದರೆ ಹಸಿ ಕೊಂಬೇ ಬೇಕು. ಜೀರಿಗೆ ಮೊಳೆಯುತ್ತದಾದರೂ ಗುಜರಾತ್, ರಾಜಸ್ಥಾನಗಳ ಒಣ ಚಳಿಗೆ ಒಗ್ಗಿದ ಆ ಬೆಳೆ ಇಲ್ಲಿನ ತೇವದಲ್ಲಿ ಬಾಳುವುದು ಕಷ್ಟ. ಒಣಮೆಣಸಿನಕಾಯಿ ಮಾತ್ರ ನಂಬಿಕೆಗೆ ಯೋಗ್ಯ. ಅದು ಗಿಡದಲ್ಲೇ ಹಣ್ಣಾಗಿ ಬಿಸಿಲಿನಲ್ಲಿ ಒಣಗಿದ್ದರಿಂದ ಬೀಜ ಪೂರ್ತಿ ಬಲಿತಿರುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕಡ್ಡಿ, ಡಬ್ಬಿ ಎರಡು ಬಗೆಯನ್ನೂ ಹೀಗೆ ಕುಂಡದಲ್ಲಿ ಬೆಳೆಸಬಹುದು. ಮೆಣಸಿನ ಹೂವಿಗೆ ಅಕ್ಕಪಕ್ಕದ ಗಿಡದ ಪರಾಗ ತಾಗುವುದು ಸಾಮಾನ್ಯವಾದ್ದರಿಂದ ಮಗಳ ಗಿಡ ತಾಯಿಯ ಬಣ್ಣವನ್ನೇ ಕೊಡುತ್ತದೆ, ಖಾರ ಏರುವುದಿಲ್ಲ ಎಂಬ ಖಾತ್ರಿ ಇಲ್ಲ.

ತರಕಾರಿಗಳಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಕೊಯ್ಲಿನ ಹದ. ಹಣ್ಣಾದ ಮೇಲೆ ತಿನ್ನುವ ಟೊಮೆಟೊ, ಬಲಿತ ಮೇಲೆ ತಿನ್ನುವ ಸಿಹಿಗುಂಬಳ, ಬೂದುಗುಂಬಳ, ಕರಾವಳಿಯ ಮಂಗಳೂರು ಸೌತೆಗಳಲ್ಲಿ ಬಿತ್ತನೆಗೆ ಆಗುವ ಬೀಜ ಸಿಗುತ್ತದೆ. ಎಳೆಯದಾಗಿ ತಿನ್ನುವ ಬೆಂಡೆ, ಬದನೆ, ಹೀರೆ, ಪಡವಲ, ಹಸಿ ಸೌತೆಗಳಲ್ಲಿ ಸಿಗುವುದಿಲ್ಲ. ಬದನೆಯನ್ನು ಹೆಚ್ಚಿದಾಗ ಕಾಣುವ ಬಿಳಿ ಬೀಜ ಇನ್ನೂ ಹಾಲುಗಾಳು. ಆ ಕಾಯಿ ಗಿಡದಲ್ಲೇ ಉಳಿದು ಹಳದಿಗೆ ತಿರುಗಿದಾಗ ಮಾತ್ರ ಅದು ಬೀಜವಾಗುತ್ತದೆ. ಇವುಗಳಿಗೆ ಪರಿಚಯದ ರೈತರಿಂದ ಒಂದು ಬಲಿತ ಕಾಯಿ ಕೇಳಿ ತರುವುದೇ ದಾರಿ. ಸಂತೆಗೆ ತಾವೇ ಬೆಳೆದು ತರುವ ಹೆಂಗಸರು ಕೇಳಿದರೆ ಮುಂದಿನ ವಾರಕ್ಕೆ ಬಿಟ್ಟುಕೊಂಡು ಬರುವುದುಂಟು.

ಟೊಮೆಟೊ ಬೀಜ ತೆಗೆಯುವ ಕ್ರಮ ಸರಳವಾದರೂ ಅದಕ್ಕೊಂದು ಕಾರಣವಿದೆ. ಬೀಜದ ಸುತ್ತ ಇರುವ ಲೋಳೆಯಲ್ಲಿ ಮೊಳಕೆ ತಡೆಯುವ ಗುಣವಿದೆ. ಇಲ್ಲದಿದ್ದರೆ ಹಣ್ಣಿನ ಒಳಗಿನ ತೇವದಲ್ಲೇ ಬೀಜ ಮೊಳೆತುಬಿಡುತ್ತಿತ್ತು. ಚೆನ್ನಾಗಿ ಕೆಂಪಾದ ಹಣ್ಣನ್ನು ಹಿಂಡಿ, ಬೀಜ ಮತ್ತು ರಸವನ್ನು ಲೋಟದಲ್ಲಿ ಎರಡು–ಮೂರು ದಿನ ಇಟ್ಟರೆ ಅದು ಹುಳಿತು ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಆಗ ನೀರು ಹಾಕಿ ಕಲಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ. ಕೈಬೆರಳಿಗೆ ಜಾರುತ್ತಿದ್ದ ಬೀಜ ಈಗ ಸಣ್ಣ ರೋಮದಿಂದ ಒರಟಾಗಿ ತಾಕುತ್ತದೆ. ಲೋಳೆ ಹೋಗಿದೆಯೆಂಬುದಕ್ಕೆ ಅದೇ ಗುರುತು. ಜರಡಿಯಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಕಾಗದದ ಮೇಲೆ ಹರಡಿದರೆ ಅಂಟಿಕೊಳ್ಳುತ್ತದೆ, ತಟ್ಟೆಯೇ ಮೇಲು.

ಹೀಗೆ ಬೆಳೆದ ಗಿಡ ತಂದ ಹಣ್ಣಿನಂಥದೇ ಹಣ್ಣು ಕೊಡುವುದೇ ಎಂಬುದು ಬೇರೆ ವಿಚಾರ. ಇಂದು ಪೇಟೆಗೆ ಬರುವ ಟೊಮೆಟೊದಲ್ಲಿ ಬಹುಪಾಲು ಹೈಬ್ರಿಡ್, ಅಂದರೆ ಎರಡು ಬೇರೆ ಬೇರೆ ತಳಿಗಳನ್ನು ಪ್ರತಿ ಸಲವೂ ಕೈಯಿಂದ ಕೂಡಿಸಿ ಪಡೆದ ಮೊದಲ ತಲೆಮಾರು. ಅದರ ಬೀಜದಲ್ಲಿ ತಾತ–ಅಜ್ಜಿಯರ ಗುಣಗಳು ಮತ್ತೆ ಬೇರ್ಪಟ್ಟು ಒಂದೊಂದು ಗಿಡದಲ್ಲಿ ಒಂದೊಂದು ಬಗೆಯಾಗಿ ಕಾಣಿಸಿಕೊಳ್ಳುತ್ತವೆ. ಬಟಾಣಿ ಗಿಡಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಗ್ರೆಗರ್ ಮೆಂಡಲ್ 1866ರಲ್ಲಿ ಪ್ರಕಟಿಸಿದ ನಿಯಮ ಇದೇ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲೇ ಎರಡನ್ನು ಹೋಲಿಸಬಹುದು. ಅರ್ಕಾ ವಿಕಾಸ್‌ನ ಬೀಜ ತೆಗೆದು ಬಿತ್ತಿದರೆ ಮತ್ತೆ ಅರ್ಕಾ ವಿಕಾಸ್ ಬರುತ್ತದೆ. ಮೂರು ರೋಗಗಳನ್ನು ತಡೆಯುವ ಅರ್ಕಾ ರಕ್ಷಕ್ ಹೈಬ್ರಿಡ್ ಆದ್ದರಿಂದ ಅದರ ಬೀಜದ ಎಲ್ಲ ಗಿಡಗಳಿಗೂ ಆ ರಕ್ಷಣೆ ಉಳಿಯುವುದಿಲ್ಲ. ಹೊಟ್ಟೆಪಾಡಿಗೆ ಬೆಳೆಯುವ ರೈತನಿಗೆ ಇದು ದೊಡ್ಡ ನಷ್ಟ. ಹತ್ತು ಕುಂಡದ ತಾರಸಿಗೆ ಅಷ್ಟು ದೊಡ್ಡ ಮಾತಲ್ಲ. ಹತ್ತರಲ್ಲಿ ಚೆನ್ನಾಗಿ ಕಾಯಿ ಹಿಡಿದ ಒಂದು ಗಿಡ ಆರಿಸಿ, ಅದರ ಬೀಜ ಇಟ್ಟು, ಪ್ರತಿ ವರ್ಷ ಹಾಗೆಯೇ ಮಾಡುತ್ತ ಹೋದರೆ ಕೆಲವು ತಲೆಮಾರಿನಲ್ಲಿ ಆ ಮನೆಗೆ ಒಗ್ಗಿದ ತಳಿಯೊಂದು ನೆಲೆಯಾಗುತ್ತದೆ. ಟೊಮೆಟೊ ಹೂ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ಈ ಕೆಲಸ ಇನ್ನಷ್ಟು ಸಲೀಸು.

ಕುಂಬಳ, ಸೋರೆಯಂಥ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಜೇನ್ನೊಣ ಊರೆಲ್ಲ ಸುತ್ತಿ ಬಂದು ಪರಾಗ ಮುಟ್ಟಿಸುತ್ತದೆ. ಹೀಗೆ ಕಹಿ ಬಳ್ಳಿಯ ಪರಾಗವೂ ಸೇರಬಹುದಾದ್ದರಿಂದ ಇಲ್ಲಿ ಒಂದು ಎಚ್ಚರಿಕೆಯನ್ನು ತಪ್ಪದೆ ಹೇಳಬೇಕು. ಸೋರೆ ಅಥವಾ ಸೌತೆ ಬಾಯಿಗಿಟ್ಟಾಗ ವಿಪರೀತ ಕಹಿ ಎನಿಸಿದರೆ ಅದನ್ನು ಉಗುಳಿ ಎಸೆಯಬೇಕು. ಕುಕುರ್ಬಿಟಾಸಿನ್ ಎಂಬ ವಿಷದಿಂದ ಬರುವ ಆ ಕಹಿ ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ಸತ್ತವರಿದ್ದಾರೆ. ಅಂಥ ಬಳ್ಳಿಯನ್ನೇ ಕಿತ್ತು ಹಾಕಬೇಕು, ಬೀಜ ಇಡಬಾರದು.

ಗೆಡ್ಡೆಗಳು ಬೀಜದ ಗೊಂದಲದಿಂದ ದೂರ. ಗೆಡ್ಡೆಯಿಂದ ಹುಟ್ಟಿದ ಗಿಡ ತಾಯಿಯ ತದ್ರೂಪ. ಆಲೂಗಡ್ಡೆಗೆ ಕಿತ್ತ ಮೇಲೆ ಎರಡು–ಮೂರು ತಿಂಗಳ ನಿದ್ದೆ ಇರುತ್ತದೆ, ಆಮೇಲೆ ಬುಟ್ಟಿಯಲ್ಲೇ ಕಣ್ಣು ಬಿಡುತ್ತದೆ. ಬಿಡದಿದ್ದರೆ ಅದಕ್ಕೂ ಕಾರಣ ಇರಬಹುದು. ಕೆಲವು ಶೈತ್ಯಾಗಾರಗಳಲ್ಲಿ ಮೊಳಕೆ ತಡೆಯುವ ರಾಸಾಯನಿಕದ ಮಂಜು ಹಾಯಿಸುತ್ತಾರೆ. ಇದೇ ಉದ್ದೇಶಕ್ಕೆ ಈರುಳ್ಳಿ, ಆಲೂಗಡ್ಡೆಗಳಿಗೆ ವಿಕಿರಣ ಹಾಯಿಸಲು ಭಾರತದಲ್ಲಿ 1994ರಿಂದ ಅನುಮತಿ ಇದ್ದು, ನಾಸಿಕ್ ಬಳಿಯ ಲಾಸಲಗಾಂವ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಘಟಕ 2002ರಲ್ಲಿ ಶುರುವಾಯಿತು. ಪೇಟೆಯ ಎಲ್ಲ ಗೆಡ್ಡೆಗೂ ಹೀಗೆ ಮಾಡುವುದಿಲ್ಲ. ಆದ್ದರಿಂದ ತಾನಾಗಿ ಕಣ್ಣು ಬಿಟ್ಟದ್ದನ್ನೇ ಆರಿಸಿ ನೆಡುವುದು ಒಳ್ಳೆಯ ನಿಯಮ. ಪ್ರತಿ ಹೋಳಿನಲ್ಲಿ ಎರಡು ಕಣ್ಣು ಇರುವಂತೆ ಕೊಯ್ದು, ಒಂದೆರಡು ದಿನ ಗಾಳಿಗೆ ಒಣಗಲು ಬಿಟ್ಟು ನೆಟ್ಟು, ಗಿಡ ಏರಿದಂತೆ ಬುಡಕ್ಕೆ ಮಣ್ಣು ಏರಿಸಬೇಕು. ಬೆಳಕು ತಾಗಿ ಹಸಿರಾದ ಆಲೂಗಡ್ಡೆಯಲ್ಲಿ ಸೊಲನಿನ್ ವಿಷ ಸೇರುವುದರಿಂದ ಅದನ್ನು ತಿನ್ನಬಾರದು.

ಶುಂಠಿ ಮನೆಯ ಕುಂಡಕ್ಕೆ ಹೇಳಿ ಮಾಡಿಸಿದಂಥ ಬೆಳೆ. ಏಪ್ರಿಲ್ ಕೊನೆಗೆ, ಮುಂಗಾರಿನ ಮುನ್ನ, ತುದಿಯಲ್ಲಿ ಹಳದಿ ಮೊಗ್ಗು ಉಬ್ಬಿದ ಇಪ್ಪತ್ತು–ಇಪ್ಪತ್ತೈದು ಗ್ರಾಂ ತೂಕದ ತುಂಡುಗಳನ್ನು ಎರಡು ಅಂಗುಲ ಆಳದಲ್ಲಿ ಮಲಗಿಸಿ ಮೇಲೆ ಒಣ ಸೊಪ್ಪು ಹೊದಿಸುತ್ತಾರೆ. ಮಲೆನಾಡಿನ ಶುಂಠಿ ಪಟ್ಟೆಗಳಿಗೆ ಹೊದಿಸುವ ದಪ್ಪ ಹಸಿರು ಸೊಪ್ಪಿನ ಹೊದಿಕೆಯ ಸಣ್ಣ ರೂಪ ಇದು. ನೀರು ನಿಂತರೆ ಶುಂಠಿ ಸತ್ತಿತೆಂದೇ ಲೆಕ್ಕ. ಐದಾರು ತಿಂಗಳಿಗೆ ಅಂಚಿನಿಂದ ಎಳೆ ಶುಂಠಿ ಕಿತ್ತುಕೊಳ್ಳಬಹುದು, ಎಲೆ ಹಳದಿಯಾಗಿ ಒರಗುವ ಎಂಟು–ಒಂಬತ್ತನೇ ತಿಂಗಳಲ್ಲಿ ಪೂರ್ತಿ ಬೆಳೆ ಸಿಗುತ್ತದೆ. ಕೆಸು, ಗೆಣಸು, ಸುವರ್ಣಗೆಡ್ಡೆಗಳೂ ಇದೇ ಗುಂಪಿನವು. ಗೆಣಸಿನಲ್ಲಿ ಗೆಡ್ಡೆಯಿಂದ ಹೊರಟ ಬಳ್ಳಿಯನ್ನು ತುಂಡರಿಸಿ ನೆಡಬೇಕು, ಸುವರ್ಣಗೆಡ್ಡೆಯಲ್ಲಿ ನಡುವಿನ ಮೊಗ್ಗಿನ ಪಾಲು ಇರುವ ಹೋಳೇ ಬೇಕು. ಈರುಳ್ಳಿಯ ಬಗ್ಗೆ ತಪ್ಪು ನಿರೀಕ್ಷೆ ಹೆಚ್ಚು. ಮೊಳೆತ ದೊಡ್ಡ ಈರುಳ್ಳಿ ನೆಟ್ಟರೆ ಹೂವು ಮತ್ತು ಹಸಿರು ಸೊಪ್ಪು ಸಿಗುತ್ತದೆ, ಇನ್ನೊಂದು ದೊಡ್ಡ ಈರುಳ್ಳಿ ಸಿಗುವುದಿಲ್ಲ. ಒಂದಕ್ಕೆ ನಾಲ್ಕಾರು ಆಗಿ ಗೊಂಚಲು ಕಟ್ಟುವುದು ಸಾಂಬಾರ್ ಈರುಳ್ಳಿ. ಬೆಳ್ಳುಳ್ಳಿಯ ಎಸಳು ಬಯಲುಸೀಮೆಯ ಬಿಸಿಗೆ ಸೊಪ್ಪಿನಲ್ಲೇ ನಿಲ್ಲುವುದು ಹೆಚ್ಚು. ಅಕ್ಟೋಬರ್–ನವೆಂಬರಿನಲ್ಲಿ ನೆಟ್ಟರೆ ಗೆಡ್ಡೆ ಕಟ್ಟುವ ಸಂಭವ ಇದೆ.

ಸೀಮೆಬದನೆ ತನ್ನದೇ ಒಂದು ಜಾತಿ. ಅಡುಗೆಮನೆಯ ಮೂಲೆಯಲ್ಲಿ ಮರೆತ ಕಾಯಿಯ ಅಗಲ ತುದಿ ಬಾಯಿ ಬಿಟ್ಟಂತೆ ಬಿರಿದು, ಅಲ್ಲಿಂದ ಮಾಸಲು ಹಸಿರಿನ ಕುಡಿ ಹೊರಗೆ ಬಂದಿರುತ್ತದೆ. ಒಂದು ಕಾಯಿಗೆ ಒಂದೇ ಬೀಜ, ಅದು ಕಾಯಿಯೊಳಗಿದ್ದೇ ಮೊಳೆಯುತ್ತದೆ. ಹೊರಗೆ ತೆಗೆದರೆ ಬದುಕುವುದು ಕಷ್ಟ. ಆದ್ದರಿಂದ ಮೊಳೆತ ಕಾಯಿಯನ್ನು ಇಡಿಯಾಗಿ, ಕುಡಿ ಮೇಲಿರುವಂತೆ ಓರೆಯಾಗಿ ಅರ್ಧ ಹೂತು, ದೊಡ್ಡ ಚಪ್ಪರ ಹಾಕಿಕೊಡಬೇಕು. ಮೆಕ್ಸಿಕೊ ಕಡೆಯ ಈ ಬಳ್ಳಿ ಹೊರನಾಡಿನದೆಂಬುದನ್ನು ‘ಸೀಮೆ’ ಎಂಬ ಮಾತೇ ಹೇಳುತ್ತದೆ. ಪಪ್ಪಾಯಿಗೆ ಪರಂಗಿ ಎಂಬ ಹೆಸರು ಬಂದದ್ದೂ ಹೀಗೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಗೆಣಸು ಕೂಡ ಅಮೆರಿಕ ಖಂಡಗಳಿಂದ ಬಂದು ಇಲ್ಲಿನ ಹಿತ್ತಿಲಿನಲ್ಲಿ ಮನೆಯವರಾದವು.

ಸೊಪ್ಪಿನ ಕಟ್ಟಿನಲ್ಲಿ ತಿನ್ನುವವರು ಎಸೆಯುವ ದಂಟೇ ತೋಟಗಾರನಿಗೆ ಬೇಕಾದದ್ದು. ಇದಕ್ಕೆ ಬಸಳೆಯಷ್ಟು ಒಳ್ಳೆಯ ಉದಾಹರಣೆ ಇಲ್ಲ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಬಸಳೆಯನ್ನು ಬಳ್ಳಿ ಸಮೇತ ಸುತ್ತಿ ಮಾರುತ್ತಾರೆ. ಎಲೆ ಮತ್ತು ಎಳೆ ದಂಟು ಅಡುಗೆಗೆ ಹೋದ ಮೇಲೆ ಉಳಿದ ಬಲಿತ ಬುಡದಲ್ಲಿ ಮೂರು–ನಾಲ್ಕು ಗೆಣ್ಣು ಇರುವ ತುಂಡು ಆರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟರೆ ವಾರದೊಳಗೆ ಚಿಗುರು ಕಾಣುತ್ತದೆ. ಬುಡಕ್ಕೆ ಸುಡುಮಣ್ಣು, ಬೂದಿ ಹಾಕಿ ಚಪ್ಪರಕ್ಕೆ ಹಬ್ಬಿಸಿದರೆ ಒಂದು ಬುಡ ತಿಂಗಳುಗಟ್ಟಲೆ ಮನೆಗೆ ಸಾಲುತ್ತದೆ. ಪುದೀನ, ದೊಡ್ಡಪತ್ರೆ, ಹೊನಗೊನ್ನೆ, ಚಕ್ರಮುನಿ ಸೊಪ್ಪುಗಳ ದಂಟೂ ಹೀಗೆ ಬೇರು ಬಿಡುತ್ತದೆ. ಒಂದೆಲಗಕ್ಕೆ ಬೇರು ಇರುವ ಗೆಣ್ಣು ಸಿಕ್ಕರೆ ಸಾಕು. ಕರಿಬೇವಿನ ಕಟ್ಟಿನಿಂದ ಮಾತ್ರ ಈ ಕೆಲಸ ಆಗದು. ಅದಕ್ಕೆ ಮರದ ಬುಡದಲ್ಲಿ ಎದ್ದ ಮರಿ ಅಥವಾ ಆಗಷ್ಟೇ ಕಪ್ಪಾದ ಹಣ್ಣಿನ ಬೀಜ ಬೇಕು. ಒಣಗಿಸಿ ಇಟ್ಟರೆ ಆ ಬೀಜ ಬೇಗ ಸಾಯುತ್ತದೆ. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್‌ಗಳ ತಲೆಯನ್ನು ನೀರಿನಲ್ಲಿಟ್ಟರೆ ಸೊಪ್ಪು ಬರುತ್ತದೆ, ಹೊಸ ಗೆಡ್ಡೆ ಬರುವುದಿಲ್ಲ. ಮಕ್ಕಳಿಗೆ ತೋರಿಸಲು ಚೆಂದ, ಸಾರಿಗೆ ಆಗದು.

ಹಣ್ಣುಗಳಲ್ಲಿ ಪಪ್ಪಾಯಿ ಬೇಗ ಫಲ ಕೊಡುತ್ತದೆ. ಬೀಜದ ಮೇಲಿನ ಲೋಳೆ ಚೀಲವನ್ನು ಬೂದಿಯಲ್ಲಿ ಉಜ್ಜಿ ತೆಗೆದು ಬಿತ್ತಬೇಕು. ಕೆಲವು ತಳಿಗಳಲ್ಲಿ ಗಂಡು ಗಿಡಗಳೂ ಹುಟ್ಟುವುದರಿಂದ ಒಂದೇ ಕಡೆ ಮೂರು ಸಸಿ ಬೆಳೆಸಿ ಹೂ ನೋಡಿ ಒಂದನ್ನು ಉಳಿಸಿಕೊಳ್ಳುತ್ತಾರೆ. ಅನಾನಸಿನ ಜುಟ್ಟನ್ನು ತಿರುಚಿ ಕಿತ್ತು, ಕೆಳಗಿನ ಎಲೆ ಸುಲಿದು, ನಾಲ್ಕು ದಿನ ಒಣಗಿಸಿ ನೆಟ್ಟರೆ ಒಂದೂವರೆಯಿಂದ ಎರಡು ವರ್ಷಕ್ಕೆ ಹಣ್ಣು. ಸಂಕ್ರಾಂತಿಗೆ ತಂದ ಕಬ್ಬಿನ ಎರಡು ಕಣ್ಣಿನ ತುಂಡೂ ಚಿಗುರುತ್ತದೆ. ಬಾಳೆಹಣ್ಣಿನಲ್ಲಿ ಬೀಜವೇ ಇಲ್ಲ, ಅದಕ್ಕೆ ಕಂದೇ ಗತಿ. ಮಾವಿನ ಓಟೆ ಸುಲಭವಾಗಿ ಮೊಳೆಯುತ್ತದಾದರೂ ಬಾದಾಮಿ, ರಸಪುರಿಗಳ ಓಟೆಯಿಂದ ಅದೇ ರುಚಿಯ ಹಣ್ಣು ಬರುವುದಿಲ್ಲ. ಪಶ್ಚಿಮ ಕರಾವಳಿಯ ಓಲೂರು ಮುಂತಾದ ಕೆಲವು ತಳಿಗಳ ಓಟೆಯಲ್ಲಿ ಹಲವು ಭ್ರೂಣಗಳಿದ್ದು, ಅವುಗಳಲ್ಲಿ ಹೆಚ್ಚಿನವು ತಾಯಿಯಂತೆಯೇ ಬೆಳೆಯುತ್ತವೆ. ಹಲಸಿನ ಬೀಜದ್ದೂ ಒಂದೊಂದು ಮರಕ್ಕೆ ಒಂದೊಂದು ಗುಣ. ತುಮಕೂರು ಜಿಲ್ಲೆಯ ಚೇಳೂರಿನ ಒಂದೇ ಮರದಿಂದ ಬಂದ ಕೆಂಪು ತೊಳೆಯ ಸಿದ್ದು ಹಲಸನ್ನು ಕಸಿ ಮಾಡಿಯೇ ಹಂಚುವುದು ಇದಕ್ಕಾಗಿ.

ನೆಡುವ ಮಣ್ಣು ಹಗುರ ಇರಬೇಕು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಮರಳು ಅಥವಾ ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ ಒಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಸಾಕು. ಸೊಪ್ಪಿಗೆ ಅರ್ಧ ಅಡಿ ಆಳದ ತೊಟ್ಟಿ, ಟೊಮೆಟೊಗೆ ಒಂದು ಅಡಿಯ ಕುಂಡ ಬೇಕು. ತಳದಲ್ಲಿ ತೂತು ಇಲ್ಲದ ಕುಂಡ ಯಾವ ಗಿಡಕ್ಕೂ ಆಗದು.

ಸಂತೆಯ ಗೆಡ್ಡೆಯ ಜೊತೆ ರೋಗವೂ ಬರಬಹುದು ಎಂಬುದು ಈ ಪದ್ಧತಿಯ ನಿಜವಾದ ಅಪಾಯ. ಶುಂಠಿಯ ಕೊಳೆರೋಗ ಮತ್ತು ಹಸಿರು ಬಾಡು ರೋಗ ಗೆಡ್ಡೆಯಲ್ಲೇ ಅಡಗಿ ಬಂದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. 1845ರಲ್ಲಿ ಐರ್ಲೆಂಡಿನಲ್ಲಿ ಬರಗಾಲಕ್ಕೆ ಕಾರಣವಾದ ಅಂಗಮಾರಿ ರೋಗವೇ ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಮತ್ತೆ ಮತ್ತೆ ಕಂಗೆಡಿಸಿದೆ. ಅಲ್ಲಿನ ರೈತರು ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ತರಿಸುತ್ತಾರೆ. ಹೊಲ, ತೋಟ ಇರುವ ಮನೆಯವರು ಅಡುಗೆಯ ಆಲೂಗಡ್ಡೆ, ಶುಂಠಿಗಳನ್ನು ನೆಲಕ್ಕೆ ಹಾಕದೆ ಕುಂಡಕ್ಕಷ್ಟೇ ಹಾಕಬೇಕು. ಮೆತ್ತಗಾದದ್ದು, ಕಲೆಯಿದ್ದದ್ದು ಬೇಡ. ಒಮ್ಮೆ ಟೊಮೆಟೊ ಬೆಳೆದ ಮಣ್ಣಿಗೆ ಮರುವರ್ಷ ಅದರದೇ ಕುಟುಂಬದ ಬದನೆ, ಮೆಣಸು, ಆಲೂಗಡ್ಡೆ ಹಾಕಬಾರದು. ಅಂಗಡಿಯಿಂದ ತಂದ ಬಿತ್ತನೆ ಬೀಜಕ್ಕೆ ಬಣ್ಣ ಲೇಪಿಸಿದ್ದರೆ ಅದು ಔಷಧಿ ಸವರಿದ್ದು, ಅದರಲ್ಲಿ ಉಳಿದದ್ದನ್ನು ಅಡುಗೆಗೆ ಬಳಸುವಂತಿಲ್ಲ.

ಮೊದಲ ಬೆಳೆಯಿಂದ ಬೀಜ ಇಟ್ಟುಕೊಂಡರೆ ಎರಡನೇ ಸಲ ಸಂತೆಯ ಹಂಗು ಇರುವುದಿಲ್ಲ. ಹಿಂದಿನವರು ಕುಂಬಳ, ಸೌತೆಯ ಬೀಜಗಳನ್ನು ಸಗಣಿಯಲ್ಲಿ ಒತ್ತಿ ಅಡುಗೆಮನೆಯ ಗೋಡೆಗೆ ಬೆರಣಿಯಂತೆ ತಟ್ಟುತ್ತಿದ್ದರು. ಕಾಳುಗಳನ್ನು ಬೂದಿ ಬೆರೆಸಿ ಮಡಕೆಯಲ್ಲಿ ಇಡುತ್ತಿದ್ದರು. ಹೊಗೆ ಮತ್ತು ಬೂದಿ ತೇವವನ್ನೂ ಹುಳುವನ್ನೂ ದೂರ ಇಡುತ್ತಿದ್ದವು. ಈಗ ಬಿಗಿ ಮುಚ್ಚಳದ ಗಾಜಿನ ಸೀಸೆ ಅದೇ ಕೆಲಸ ಮಾಡುತ್ತದೆ. 1966ರ ಬೀಜ ಕಾಯ್ದೆಯಡಿ ಪ್ರಮಾಣೀಕರಿಸಿದ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ನಿಗದಿಯಾಗಿದೆ, ಟೊಮೆಟೊಗೆ ಶೇ. 70, ಮೆಣಸಿನಕಾಯಿಗೆ ಶೇ. 60. ಮನೆಯ ಬೀಜಕ್ಕೂ ಈ ಅಳತೆ ಹಿಡಿಯಬಹುದು. ಇಪ್ಪತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ವಾರ ಹತ್ತು ದಿನದಲ್ಲಿ ಹದಿನಾಲ್ಕು ಮೊಳೆತರೆ ಬೀಜ ಗಟ್ಟಿ, ಹತ್ತಕ್ಕಿಂತ ಕಡಿಮೆಯಾದರೆ ದುಪ್ಪಟ್ಟು ಬಿತ್ತಬೇಕು. ರೈತರು ತಮ್ಮ ಬೆಳೆಯ ಬೀಜ ಇಟ್ಟುಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಎತ್ತಿ ಹಿಡಿದಿದೆ.

ಹೊಸದಾಗಿ ಕೈಹಾಕುವವರಿಗೆ ಒಂದು ಹಿಡಿ ಮೆಂತ್ಯ ಮತ್ತು ಬಸಳೆಯ ಒಂದು ಬುಡ ಸಾಕು. ಮೆಂತ್ಯ ತಿಂಗಳೊಳಗೆ ಅಡುಗೆಮನೆಗೆ ಬರುತ್ತದೆ, ಅಷ್ಟು ಹೊತ್ತಿಗೆ ಬಸಳೆಯ ಕುಡಿ ಚಪ್ಪರ ಹುಡುಕುತ್ತಿರುತ್ತದೆ.